ಕೆಂಪಕ್ಕ ಕುಟ್ಟಿದ ಕಾಳು

ಬೆಳಗಿನ ಐದೂವರೆಗೇ ಬಣ್ಣದ ಮನೆಯ ಹಂಡೆ ಕುದಿಯುತ್ತಿದೆ. ಕೆಂಪಕ್ಕ ಮೂಟೆಯಿಂದ ಒಂದು ಬೊಗಸೆ ಬೂದು ಕಾಳು ತೆಗೆದು ಒರಳಿಗೆ ಸುರಿಯುತ್ತಾರೆ. ಸುರಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೂವತ್ತೊಂದು ವರ್ಷ ಇಲ್ಲದ ಈ ಅಭ್ಯಾಸ ಶುರುವಾಗಿ ಬರೀ ನಾಲ್ಕು ದಿನ.

ಉಣ್ಣೆಗೆ ಕಿರಮಂಜಿ ಕೆಂಪು ಹಾಕುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಮೊಣಕೈವರೆಗೂ ಬಣ್ಣ ಹತ್ತಿ ಹತ್ತಿ, ಹುಟ್ಟುಹೆಸರೇ ಮರೆತುಹೋಗಿ, ಎಲ್ಲರ ಬಾಯಲ್ಲೂ ಕೆಂಪಕ್ಕ. ಗಂಡ ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಅವಳನ್ನು ಓದಿಸಿ ದಡ ಮುಟ್ಟಿಸಿದ್ದು ಇದೇ ಹಂಡೆ. ಗಂಡ ಹೋದ ದಿನವೇ, ಇನ್ನು ನನ್ನ ಕೈಯಿಂದ ಒಂದು ಜೀವವೂ ಹೋಗಬಾರದು ಎಂದು ಪಣ ತೊಟ್ಟವರು ಇವರು. ಹೇನು ಸಿಕ್ಕರೂ ಕುಕ್ಕದೆ ಹಿತ್ತಲಿಗೆ ಬಿಟ್ಟು ಬರ್ತಾರೆ ಎಂದು ಮಗಳು ಗೋಳಾಡುತ್ತಾಳೆ.

ಈ ಕೆಂಪು ಬಿಡುವ ಮೂಟೆಯ ಸರಕನ್ನು ಬಣ್ಣದ ಮನೆಯಲ್ಲಿ ಎಲ್ಲರೂ ಕಾಳು ಎನ್ನುತ್ತಿದ್ದರು, ಇವರೂ ಕಾಳೆಂದೇ ನಂಬಿದರು. ಒಮ್ಮೆ ಒಂದು ಹಿಡಿ ಕುಂಡದಲ್ಲಿ ಬಿತ್ತಿ ತಿಂಗಳುಗಟ್ಟಲೆ ನೀರೂ ಎರೆದಿದ್ದರು. ಮೊಳಕೆ ಬರಲಿಲ್ಲ. ಹುರಿದ ಕಾಳಿರಬೇಕು ಎಂದುಕೊಂಡು ಸುಮ್ಮನಾದರು.

ಕಳೆದ ವಾರ ಮನೆಗೆ ಬಂದ ಮೈದುನ, ನಿವೃತ್ತ ಮೇಷ್ಟರು, ಮಾತಿನ ಮೂಲ ಕೆದಕುವ ಖಯಾಲಿಯವರು.

"ಅತ್ತಿಗೆ, ಕೃಮಿ ಅನ್ನೋ ಮಾತೇ ಪರ್ಷಿಯನ್ನರ ಬಾಯಲ್ಲಿ ಕಿರ್ಮಿಜ್ ಆಗಿ, ನಮ್ಮಲ್ಲಿ ಕಿರಮಂಜಿ ಆಯ್ತು ಅಂತಾರೆ. ಹುಳದಿಂದ ಹುಟ್ಟಿದ್ದು ಅಂತ ಅರ್ಥ."

ಕೆಂಪಕ್ಕ ನಕ್ಕುಬಿಟ್ಟರು. ಪುಸ್ತಕ ಓದಿದವರು ನೀವು, ಕುಟ್ಟಿದವಳು ನಾನು ಎಂದು, ಅವರನ್ನು ಸೋಲಿಸಲೆಂದೇ ನಾಲ್ಕು ಕಾಳನ್ನು ಬಿಸಿನೀರಿನ ತಟ್ಟೆಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಕಾಳು ಉಬ್ಬಿತು. ಹೊಟ್ಟೆಯ ಗೆರೆ ಕಂಡಿತು. ಆಮೇಲೆ ಕೂದಲೆಳೆಯಂಥ ಕಾಲು. ಒಂದಲ್ಲ, ಆರು. ಅಯ್ಯೋ, ಅಮ್ಮನ ಆ ಮುಖ ನೋಡಬಾರದಿತ್ತು ಎನ್ನುತ್ತಾಳೆ ಮಗಳು. ಕೆಂಪಕ್ಕ ಬಚ್ಚಲಿಗೆ ಓಡಿ ಚರ್ಮ ಸುಲಿಯುವಷ್ಟು ಕೈ ಉಜ್ಜಿದರು. ಮೂವತ್ತೊಂದು ವರ್ಷದ ಬಣ್ಣ ಹೋಗುವುದುಂಟೇ?

ಒಂದು ಕಿಲೋಗೆ ಲಕ್ಷಕ್ಕೂ ಮೀರಿ ಹುಳ ಎಂದು ಮೈದುನ ಬಾಯಿತಪ್ಪಿ ಹೇಳಿದ್ದಾರೆ. ದಿನಕ್ಕೆ ಅರ್ಧ ಕಿಲೋ ಕುಟ್ಟಿದವರು ಲೆಕ್ಕ ಹಾಕಹೋಗಿ ಅರ್ಧಕ್ಕೇ ಬಿಟ್ಟರು. ಮೂರು ದಿನ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಬಣ್ಣದ ಮನೆಗೆ ಬಂದು ಮಾಲೀಕರಿಗೆ ಹೇಳಿದ್ದು ಒಂದೇ ಮಾತು: ಹೊಸ ಮೂಟೆ ತರಿಸಿದರೆ ನಾನಿಲ್ಲ. ಹಾಗಾದರೆ ಬಿಚ್ಚಿದ ಮೂಟೆ ಎಸೆದುಬಿಡೋಣವೇ ಎಂದು ಅವರು ಕೇಳಿದ್ದೇ ತಡ, ಕೆಂಪಕ್ಕ ಸಿಡಿದೆದ್ದರಂತೆ. ಬಣ್ಣ ಮಂಕಾಯಿತೆಂದು ಹಿಂದೆ ಹಂಡೆಗಟ್ಟಲೆ ಚರಂಡಿಗೆ ಚೆಲ್ಲಿದ್ದು ನೆನೆದು, ಈಗ ಒರಳಿನ ಪುಡಿಯನ್ನು ಒಂದು ಚೂರೂ ಬಿಡದೆ ಬಳಿದು ಹಂಡೆಗೆ ಹಾಕುತ್ತಾರೆ. ಮೂಟೆಯಲ್ಲಿ ಉಳಿದಿರುವುದು ಹತ್ತು ದಿನದ ಕೆಲಸ. ಆಮೇಲೆ ಹೊಟ್ಟೆಪಾಡಿಗೇನು ಎಂದರೆ ಅವರಿಗೂ ಗೊತ್ತಿಲ್ಲ.

"ಸತ್ತಿದ್ದಂತೂ ಸತ್ತಿವೆ. ಈಗ ನನ್ನ ಕೈ ನಡುಗಿ ಬಣ್ಣ ಕೆಟ್ಟರೆ, ಅವು ಸತ್ತಿದ್ದೂ ದಂಡ. ಈ ಮೂಟೆ ಮುಗಿಯೋವರೆಗೂ ಒಂದು ಎಳೆಯೂ ಮಂಕಾಗಬಾರದು. ಅಷ್ಟಾದರೆ ಸಾಕು."