ಒಣಗದ ಸಿಪಾಯಿ

ಶಕುನ, ಮಾಟ, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದೇ ನಾನು ತಿಳಿದಿದ್ದೆ. ಓಣಿಯಲ್ಲಿ ಯಾರಾದರೂ ಅಂಥ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಇಂದಿಗೂ ಅವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ನನ್ನ ಕಣ್ಣೆದುರೇ ನಡೆದ ಸಂಗತಿಯೊಂದಿದೆ. ಅದನ್ನು ಇದ್ದಂತೆ ಹೇಳುತ್ತೇನೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಾನು ಅಂಗಡಿಗಳಿಗೆ ಬೋರ್ಡು ಬರೆದುಕೊಂಡಿದ್ದೆ. ಆ ದಿನಗಳಲ್ಲಿ ಹೊಸ ಬೋರ್ಡು ಬರೆಸುವವರೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಧಾರವಾಡದ ಕುಲಕರ್ಣಿ ವಕೀಲರು ಒಂದು ವಿಚಿತ್ರ ಕೆಲಸ ತಂದರು. ವಿಲಾಯತಿಯಲ್ಲಿ ಓದುವಾಗ ಅವರಿಗೆ ಒಂದು ಆಟದ ಹುಚ್ಚು ಹತ್ತಿತ್ತು. ದೊಡ್ಡ ಮೇಜಿನ ಮೇಲೆ ಪುಸ್ತಕ ಪೇರಿಸಿ ಗುಡ್ಡ ಮಾಡುವುದು, ಅರಿವೆ ಹಾಸಿ ಹೊಳೆ ಮಾಡುವುದು, ಸೀಸದ ಪುಟ್ಟ ಸಿಪಾಯಿಗಳನ್ನು ಎರಡೂ ಕಡೆ ನಿಲ್ಲಿಸಿ ದಾಳ ಉರುಳಿಸುತ್ತ ಯುದ್ಧ ಆಡುವುದು. ನೆಪೋಲಿಯನ್ನನ ಕಾಲಾಳುಗಳ ಇಡೀ ಪಲಟಣವೊಂದು ಅವರಿಗೆ ಬೇಕಾಗಿತ್ತು. ಅಚ್ಚುಗಳು ಅವರ ಹತ್ತಿರವೇ ಇದ್ದವು. ನಮ್ಮ ಪಕ್ಕದ ಮನೆಯ ಹುಸೇನಸಾಬ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು, ಸೀಸ ಕರಗಿಸಿ ಎರಕ ಹೊಯ್ದುಕೊಟ್ಟ. ಬಣ್ಣ ಹಚ್ಚುವುದು ನನ್ನ ಪಾಲಿಗೆ ಬಂತು.

ನೀಲಿ ಕೋಟು, ಬಿಳಿ ಷರಾಯಿ, ಎದೆಯ ಮೇಲೆ ಕತ್ತರಿಯಂತೆ ಎರಡು ಬಿಳಿ ಪಟ್ಟಿ, ಎತ್ತರದ ಕರಿ ಟೊಪ್ಪಿಗೆ. ಆಳೆತ್ತರದ ಅಕ್ಷರ ಬರೆದು ರೂಢಿಯಾದ ಕೈಗೆ ಇದು ಸುಲಭವಾಗಿರಲಿಲ್ಲ. ಕುಂಚದ ನಾಲ್ಕು ಕೂದಲು ಉಳಿಸಿ ಉಳಿದದ್ದನ್ನು ಕತ್ತರಿಸಿ, ಉಸಿರು ಬಿಗಿಹಿಡಿದು ಕಣ್ಣು ಬರೆಯಬೇಕು. ಆದರೂ ಆ ಕೆಲಸ ನನಗೆ ಸೇರಿತು.

ಹುಸೇನಸಾಬನ ಹೆಂಡತಿ ಬೀಬಿಜಾನ ನನ್ನನ್ನು ತಮ್ಮನೆಂದೇ ಕರೆಯುತ್ತಿದ್ದಳು. ಅವರ ಒಬ್ಬನೇ ಮಗ ದಸ್ತಗೀರ ಫೌಜಿನಲ್ಲಿ ಮೋಟಾರು ನಡೆಸುವ ಕೆಲಸಕ್ಕೆ ಸೇರಿ ಹಡಗು ಹತ್ತಿದ್ದ. ಬಹಳ ತಿಂಗಳಿಂದ ಅವನ ಸುದ್ದಿಯಿರಲಿಲ್ಲ. ಹುಸೇನಸಾಬ ಆ ಮಾತನ್ನೇ ಎತ್ತುತ್ತಿರಲಿಲ್ಲ. ಬೀಬಿಜಾನ ಮಾತ್ರ ಮನೆಗೆಲಸ ಮುಗಿಸಿ ನಮ್ಮ ಪಡಸಾಲೆಗೆ ಬಂದು, ನಾನು ಬಣ್ಣ ಹಚ್ಚುವುದನ್ನು ನೋಡುತ್ತ ಸುಮ್ಮನೆ ಕೂಡುತ್ತಿದ್ದಳು.

ಬಿರು ಬೇಸಿಗೆ. ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ ಸಿಪಾಯಿಗಳೆಲ್ಲ ಒಣಗಿದ್ದರು. ನಡುವಿನ ಒಬ್ಬ ಮಾತ್ರ ಒಣಗಿರಲಿಲ್ಲ. ಎಣ್ಣೆ ಹೆಚ್ಚಾಗಿರಬೇಕೆಂದು ಬಣ್ಣ ಕೆರೆದು ಮತ್ತೆ ಹಚ್ಚಿದೆ. ಮರುದಿನವೂ ಹಾಗೆಯೇ. ಬೆರಳು ತಾಗಿಸಿ ನೋಡಿದರೆ ಬೆರಳಿಗೆ ನೀಲಿ ಹತ್ತಲಿಲ್ಲ. ಬಣ್ಣ ಆಗಲೇ ಒಣಗಿತ್ತು. ಅದರ ಮೇಲೆ ಇದ್ದದ್ದು ನೀರು. ಒರೆಸಿದೆ, ಎಲೆ-ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಹನಿಗಟ್ಟಿತು. ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೂ ಅಷ್ಟೇ.

ಕೆಲಸ ನೋಡಲು ಬಂದ ವಕೀಲರಿಗೆ ತೋರಿಸಿದೆ. "ಸೀಸ ತಣ್ಣಗಿರತದ. ಬೆವರತದ, ಅಷ್ಟ," ಎಂದರು.

"ಹಂಗಾದ್ರ ಉಳಿದವು ಯಾಕ ಬೆವರವಲ್ಲವು ಸಾಹೇಬ್ರ?" ಎಂದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಲಗೆಯ ಮೇಲಿಟ್ಟು ಹೋದರು.

ಅಂದು ಮಧ್ಯಾಹ್ನ ಬೀಬಿಜಾನ ಬಂದವಳು ನೇರವಾಗಿ ಅದನ್ನೇ ಎತ್ತಿಕೊಂಡಳು.

"ಇಂವನ ಮೈ ಯಾಕ ತೊಯ್ದೈತಿ, ತಮ್ಮಾ?"

"ತಿಳೀವಲ್ದು ಅಕ್ಕಾ."

ಅವಳು ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಅವಳ ಮುಖ ಒಮ್ಮೆಲೇ ಇಳಿದುಹೋಯಿತು. "ಉಪ್ಪೈತಿ," ಎಂದಳು. ಆಮೇಲೆ ಸೆರಗಿನಿಂದ ಅದನ್ನು ಒರೆಸತೊಡಗಿದಳು. ಕೂಸಿಗೆ ಎರೆದು ಮೈ ಒರೆಸುತ್ತಾರಲ್ಲ, ಹಾಗೆ.

"ಬಣ್ಣ ಹೋದೀತು ಅಕ್ಕಾ," ಎಂದೆ.

"ಹೋದ್ರ ಹೋಗ್ಲಿ. ಇಂವಗ ಥಂಡಿ ಆಗೇತಿ."

ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಎದ್ದು ತನ್ನ ಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಅಂಗಳದಲ್ಲಿ ಹುಸೇನಸಾಬ ಕಲಾಯಿಯ ಒಲೆ ಹೊತ್ತಿಸಿಕೊಂಡು ಕೂತಿದ್ದ. ಕಾಸಿದ ಪಾತ್ರೆಗೆ ಉಜ್ಜುವ ನವಸಾಗರದ ಘಾಟು ಅಂಗಳ ತುಂಬಿತ್ತು. ಹೆಂಡತಿ ಒಲೆಯ ಮಗ್ಗುಲಲ್ಲಿ ಕೂತು ಸೀಸದ ಗೊಂಬೆಯನ್ನು ಒರೆಸುವುದನ್ನು ಕಂಡು ತಿದಿ ಒತ್ತುವುದನ್ನು ನಿಲ್ಲಿಸಿದ. ಬೈಯುತ್ತಾನೆ ಎಂದುಕೊಂಡೆ. ಅವನು, "ಅಲ್ಲಿ ಹೊಗಿ ಬರತೈತಿ, ಈ ಕಡೆ ಬಾ," ಎಂದು ತಾನೇ ಸರಿದು ಜಾಗ ಕೊಟ್ಟ. ಆಮೇಲೆ ಪಾತ್ರೆ ಮುಟ್ಟಲಿಲ್ಲ. ಮೆಲ್ಲಗೆ ತಿದಿ ಒತ್ತುತ್ತ ಕೆಂಡ ಆರದಂತೆ ನೋಡಿಕೊಂಡ. ಅವಳು ಒರೆಸುವುದು, ಅದು ತೊಯ್ಯುವುದು, ಮತ್ತೆ ಒರೆಸುವುದು. ಹೊತ್ತು ಇಳಿಯುವ ಹೊತ್ತಿಗೆ ಅದು ಒಣಗಿತು. ಮತ್ತೆಂದೂ ತೊಯ್ಯಲಿಲ್ಲ.

"ಇಂವನ್ನ ಲಡಾಯಿಗೆ ಕಳಸಬ್ಯಾಡ್ರಿ ಅಂತ ವಕೀಲರಿಗೆ ಹೇಳು," ಎಂದಳು. ಹೇಳಿದೆ. ನಗುತ್ತಾರೆಂಬ ಅಂಜಿಕೆಯಿತ್ತು. ವಕೀಲರು ನಗಲಿಲ್ಲ. "ಒಬ್ಬಾಂವ ರಜಾ ತಗೊಂಡು ಊರಿಗೆ ಹೋಗ್ಯಾನ ಅಂತ ತಿಳ್ಕೊಂಡು ಆಡ್ತೀನಿ. ಅಕೀ ಕಡೇನ ಇರಲಿ ಬಿಡು," ಎಂದರು.

ಯುದ್ಧ ಮುಗಿದ ಮೇಲೆ ದಸ್ತಗೀರ ಬಂದ. ಸೊರಗಿದ್ದ, ಆದರೆ ಕೈಕಾಲು ನೆಟ್ಟಗಿದ್ದವು. ನನ್ನನ್ನೂ ಊಟಕ್ಕೆ ಕರೆದಿದ್ದರು. ರೊಟ್ಟಿ ಮುರಿಯುತ್ತ ಅವನು ತನ್ನ ಹಡಗು ಮುಳುಗಿದ್ದು, ಹಲಗೆಯೊಂದನ್ನು ತಬ್ಬಿಕೊಂಡು ತೇಲಿದ್ದು ಎಲ್ಲ ಹೇಳಿದ.

"ನನ್ನ ಎತ್ತಿ ಬೋಟಿನ್ಯಾಗ ಹಾಕಿದಾಗ ಪೂರಾ ಎಚ್ಚರ ಇರಲಿಲ್ಲ ಕಾಕಾ. ಯಾರೋ ಅರಿವೀಲೆ ಮೈ ಒರಸಾಕತ್ತಿದ್ರು. ಆ ಅರಿವಿಗೆ ನವಸಾಗರದ ವಾಸ್ನಿ. ಅಪ್ಪ ಕಲಾಯಿ ಹಾಕೂ ಮುಂದ ಅಂಗಳ ತುಂಬ ಬರತೈತಲ್ಲ, ಅದ. ಆಮ್ಯಾಲ ಬೋಟಿನವರನ್ನ ಕೇಳಿದ್ರ, ನಮ್ಮ ಕಡೆ ಒಣಾ ಅರಿವಿ ಎಲ್ಲಿತ್ತೋ ಅಂತ ನಕ್ಕರು."

ಬೀಬಿಜಾನ ಇನ್ನೊಂದು ರೊಟ್ಟಿ ತರುತ್ತೇನೆಂದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದು ಯಾವ ತಿಂಗಳೆಂದು ದಸ್ತಗೀರನನ್ನು ಕೇಳಿದೆ. ಅವನಿಗೆ ನೆನಪಿರಲಿಲ್ಲ. ನನಗೂ ಆ ಮಧ್ಯಾಹ್ನದ ತಾರೀಖು ಗೊತ್ತಿಲ್ಲ. ಉಪ್ಪು ಎಂದದ್ದು ಅವಳ ಕೈಬೆವರಿನದೇ ಇದ್ದೀತು. ನಾನು ನಾಲಿಗೆಗೆ ಮುಟ್ಟಿಸಿ ನೋಡಲಿಲ್ಲ, ಧೈರ್ಯ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹುಸೇನಸಾಬನನ್ನು ಒಮ್ಮೆ ಕೇಳಿದೆ, ಅಂದು ಆದದ್ದೇನು ಅಂತ ನಿನಗನಿಸುತ್ತದೆ ಎಂದು.

"ಮಗಾ ಬಂದ. ಉಳಿದದ್ದು ಯಾಕ ಕೇಳ್ತಿ?" ಎಂದ.

ಅವನಿಗೆ ಅಷ್ಟು ಸಾಕಾಗಿತ್ತು. ನಾನು ಇನ್ನೂ ಕೇಳಿಕೊಳ್ಳುತ್ತಲೇ ಇದ್ದೇನೆ.