ಪಾರೆಹುಯಾ ದೊಡ್ಡಮ್ಮ ಕೂಗಿದ ಹೆಸರು

ನಮ್ಮ ಕೊಲ್ಲಿಯಲ್ಲಿ ಪಾರೆಹುಯಾ ದೊಡ್ಡಮ್ಮನ ಬಾಯಿಗೆ ಹೆದರದವರಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು. ತಟ್ಟೆಯಲ್ಲಿ ಗೆಣಸು ಬಿಟ್ಟೇಳುವ ಮಕ್ಕಳಿಗೆ ಅವರ ಅಪ್ಪನ, ಅಜ್ಜನ ಹೆಸರನ್ನೂ ಸೇರಿಸಿ ಬೈಯುತ್ತಿದ್ದಳು. ಜೂನ್‌ನ ಚಳಿಗಾಲದಲ್ಲಿ ಬರುವ ನಮ್ಮ ಹೊಸ ವರ್ಷದ ಮುಂಜಾವಿನಲ್ಲಿ ಮಾತ್ರ ಆ ಬಾಯಿಗೆ ಬೇರೆಯೇ ಕೆಲಸ. ಮತಾರಿಕಿ, ಅಂದರೆ ಕೃತ್ತಿಕೆಯ ಗೊಂಚಲು, ಕಡಲ ಮೇಲೆ ಮೂಡುತ್ತಿದ್ದಂತೆ ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಅವಳು ಒಂದೊಂದಾಗಿ ಕೂಗಬೇಕು. ಕೂಗಿದರೆ ಅವರು ನಕ್ಷತ್ರವಾಗುತ್ತಾರೆ. ಕೂಗದೆ ಬಿಟ್ಟರೆ ದಾರಿ ಸಿಗದೆ ಇನ್ನೊಂದು ವರ್ಷ ಅಲೆಯುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಒಂದು ಹೆಸರನ್ನೂ ಬಿಟ್ಟಿರಲಿಲ್ಲ, ತನ್ನ ಗಂಡನ ಹೆಸರನ್ನೂ ಕೂಡ.

ಆ ವರ್ಷ ಏಪ್ರಿಲ್‌ನಲ್ಲಿ ಅವಳ ಮಗ ರೇವಿ ಕಾಣೆಯಾದ. ಸಿಗಡಿ ಹಿಡಿಯಲು ಹೋದವನ ದೋಣಿ ಬಂಡೆಗಳ ಹತ್ತಿರ ಮಗುಚಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ. ಹಿರಿಯರು ಕೊಲ್ಲಿಗೆ ನಿಷೇಧ ಹಾಕಿದರು. ನಮ್ಮವನೊಬ್ಬ ಒಳಗಿರುವಾಗ ಆ ನೀರಿನ ಮೀನನ್ನು ನಾವು ಮುಟ್ಟುವುದಿಲ್ಲ.

ಜೂನ್ ಕೊನೆಯಲ್ಲಿ, ಹೊಸ ವರ್ಷದ ಮುನ್ನಾದಿನ, ನಾನೂ ದೊಡ್ಡಮ್ಮನೂ ನಕ್ಷತ್ರಗಳ ಎಡೆಗೆಂದು ನೆಲದ ಕುಳಿಯೊಲೆಯಲ್ಲಿ ಬೇಯಿಸುವ ಗೆಣಸು ಹೆರೆಯುತ್ತ ಕೂತಿದ್ದೆವು. ರೇವಿಯ ಹೆಂಡತಿ ಆನಾಹೇರಾ ಬಾಗಿಲಲ್ಲಿ ನಿಂತಳು.

"ಅತ್ತೆ, ನಾಳೆ ನೀವು ಅವರ ಹೆಸರು ಕೂಗಿದ್ರೆ, ನಿಮ್ಮ ಬಾಯಿಂದ್ಲೇ ಅವರನ್ನ ಕೊಂದಂಗೆ. ನೆನಪಿರ್ಲಿ."

ದೊಡ್ಡಮ್ಮನ ಅಣ್ಣ ಹೊಹೆಪಾ, ನಕ್ಷತ್ರ ನೋಡಿ ವರ್ಷಫಲ ಹೇಳುವವನು, ಅಲ್ಲೇ ಕಟ್ಟಿಗೆ ಒಡೆಯುತ್ತಿದ್ದ. "ಹೆಣ ಸಿಗ್ಲಿಲ್ಲ ಅಂತ ಹುಡುಗನ್ನ ನೀರಲ್ಲೇ ಅಲೆಸ್ತೀಯೇನಮ್ಮಾ? ಅಲ್ಲಿ ಎಷ್ಟು ಚಳಿ ಗೊತ್ತಾ?" ಎಂದು ಆನಾಹೇರಾಳನ್ನು ಕೇಳಿದ.

"ನಿಮ್ಮಿಬ್ಬರ ನಾಲಿಗೆನೂ ಕುಳಿಯೊಲೇಲಿ ಬೇಯಿಸ್ತೀನಿ, ನಕ್ಷತ್ರಗಳಾದ್ರೂ ಹೊಟ್ಟೆ ತುಂಬ ತಿನ್ಲಿ!" ಎಂದು ದೊಡ್ಡಮ್ಮ ಗದರಿದಳು. ಆದರೆ ಚಾಕು ಅವಳ ಹೆಬ್ಬೆರಳನ್ನು ಕೊಯ್ದಿತ್ತು. ರಕ್ತ ಗೆಣಸಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ಅವಳು ಹೆದರಿದ್ದನ್ನು ನಾನು ಅದುವರೆಗೆ ನೋಡಿರಲೇ ಇಲ್ಲ.

ಇನ್ನೂ ಕತ್ತಲಿರುವಾಗಲೇ ಗುಡ್ಡ ಹತ್ತಿದೆವು. ಮೋಡ ಕವಿಯಲಿ, ಏನೂ ಕಾಣದೆ ಹೋಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ನನ್ನ ಮಾತು ಯಾರು ಕೇಳುತ್ತಾರೆ! ಆಕಾಶ ತೊಳೆದಿಟ್ಟ ಹಾಗಿತ್ತು. ಹೊಹೆಪಾ ಮಾವ ಕುಳಿಯ ಮುಚ್ಚಳ ತೆಗೆದ. ಗೆಣಸು, ಕೋಳಿ, ಹೊಳೆಯ ಹಾವುಮೀನು ಬೆಂದ ಆವಿ ನಕ್ಷತ್ರಗಳ ಕಡೆ ಏರಿತು. ಕಡಲ ಮೀನಿನ ಜಾಗ ಖಾಲಿಯಿತ್ತು.

ದೊಡ್ಡಮ್ಮ ಐದು ಹೆಸರು ಕೂಗಿದಳು. ಆಮೇಲೆ ನಿಂತುಬಿಟ್ಟಳು. ಆನಾಹೇರಾ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಬೇಡ ದೊಡ್ಡಮ್ಮಾ ಎಂದು ಕೂಗಬೇಕೆನಿಸಿತು ನನಗೆ.

"ರೇವೀ..."

ದನಿ ನಡುಗಲಿಲ್ಲ. ಅದು ನೀರಿನ ಮೇಲೆ ಬಹಳ ದೂರ ಹೋಯಿತು. ಆನಾಹೇರಾ ನೆಲಕ್ಕೆ ಬಿದ್ದು ಕಿರುಚಿದಳು. ಹೆಂಗಸರು ಅವಳನ್ನು ಎತ್ತಿ ಹಿಡಿದುಕೊಂಡು ಅತ್ತರು. "ಅಂತೂ ದಾರಿ ಸಿಕ್ತು ಹುಡುಗನಿಗೆ," ಎಂದು ಹೊಹೆಪಾ ಮಾವ ಮೂಗು ಒರೆಸಿಕೊಂಡ. ಬೆಳಕಾದ ಮೇಲೆ ಕೆಳಗೆ ಊಟ, ಹಾಡು, ಮಕ್ಕಳ ಗಾಳಿಪಟ ಎಲ್ಲವೂ ನಡೆದವು. ದೊಡ್ಡಮ್ಮ ಒಂದು ತುತ್ತೂ ಮುಟ್ಟಲಿಲ್ಲ.

ಮನೆಗೆ ಮರಳುವಾಗ ಅವಳು ಹೆಜ್ಜೆಹೆಜ್ಜೆಗೂ ತಿರುಗಿ ಕಡಲಿನ ದಾರಿ ನೋಡುತ್ತಿದ್ದಳು.

"ಯಾರೋ ಬರ್ತಿರೋ ಹಾಗಿದೆ ಅಲ್ವೇನೇ?"

"ಯಾರೂ ಇಲ್ಲ ದೊಡ್ಡಮ್ಮ."

ಮಗ ಬಂದರೆ ಹೊರಗೆ ಕಾಯದಿರಲಿ ಎಂದು ಎರಡು ತಿಂಗಳು ಬಾಗಿಲಿಗೆ ಅಗುಳಿ ಹಾಕದೆ ಮಲಗಿದವಳು. ಆ ಹಗಲು ಒಳಗೆ ಬಂದವಳೇ ಅಗುಳಿ ಹಾಕಿದಳು. ಆಮೇಲೆ ಕುರ್ಚಿಯನ್ನೂ ಎಳೆದು ಬಾಗಿಲಿಗೆ ಅಡ್ಡ ಇಟ್ಟಳು. ಮಗ ಬರಲಾರ ಎಂಬ ಭಯ ಹೋಗಿ, ಬಂದುಬಿಟ್ಟರೆ ಎಂಬ ಭಯ ಅವಳನ್ನು ಹಿಡಿದಿತ್ತು.

ನನ್ನ ತೋಳನ್ನು ಬಿಗಿಯಾಗಿ ಹಿಡಿದು ಪಿಸುಗುಟ್ಟಿದಳು. "ಅವನು ಬಂದ್ರೆ... ಅವನ ಹೆಸರು ಕೂಗಿದ್ದು ಅವನಮ್ಮ ಅಲ್ಲ ಅಂತ ಹೇಳ್ತೀಯೇನೇ?"

ಇಡೀ ಕೊಲ್ಲಿಯೇ ಕೇಳಿಸಿಕೊಂಡಿತ್ತು.

"ಹೇಳ್ತೀನಿ ದೊಡ್ಡಮ್ಮ," ಎಂದೆ.