ಎಂಜಿನ್ ನಿಂತ ಮೇಲೆ

ಉಡುಮಲೈಪೇಟೆಯ ನಮ್ಮ ತೋಟದ ಬಾವಿಯ ಪಕ್ಕ ಒಂದು ಡೀಸೆಲ್ ಎಂಜಿನ್ ಇತ್ತು. ಮಧ್ಯಾಹ್ನ ಅದರ ಟುಕುಟುಕು ನಿಂತಿತೆಂದರೆ ಅಪ್ಪನಿಗೆ ಹಸಿವಾಗಿದೆ ಎಂದರ್ಥ. ಅವ್ವ ಕೂಡಲೇ ತೂಕುಪೋಸಿ ಡಬ್ಬಿಗೆ ಅನ್ನ, ಸಾರು ತುಂಬಿ ಅದರ ಹಿಡಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. ತೆಂಗಿನ ಸಾಲಿನಲ್ಲಿ ಓಡುತ್ತ ಹೋದರೆ ಅಪ್ಪ ತಿರುಗಿಯೂ ನೋಡದೆ, "ಕೈ ತೊಳ್ಕೊಂಡ್ ಬತ್ತೀನಿ, ನೀನೂ ಕೂತ್ಕೊ ಕಣ್ಣು" ಎನ್ನುತ್ತಿದ್ದ. ದಿನವೂ ಅದೇ ಮಾತು, ಮುದ್ದಿಗೆ ನಾನು ಅವನಿಗೆ ‘ಕಣ್ಣು’. ಮನೆಯಲ್ಲಿ ಉಂಡೇ ಬಂದಿದ್ದರೂ ಕೂರುತ್ತಿದ್ದೆ. ಅವನ ಅಂಗಿಯ ಡೀಸೆಲ್ ಹೊಗೆ ವಾಸನೆಯಿಲ್ಲದೆ ಆ ಊಟ ನನಗೆ ನೆನಪೇ ಆಗುವುದಿಲ್ಲ.

ಈಗ ಕೊಯಮತ್ತೂರಿನ ಕಾಲೇಜೊಂದರಲ್ಲಿ ಅದೇ ಹೊಗೆಯನ್ನು ಕಡಿಮೆ ಮಾಡುವ ಸಂಶೋಧನೆ ನನ್ನದು. ನಗಬೇಡಿ! ಪ್ರಯೋಗಾಲಯದ ಎಂಜಿನ್ ಕೈಕೊಟ್ಟಾಗ ಅಪ್ಪನದನ್ನೇ ಕೇಳಿದೆ. ಬಾವಿಗೆ ಕರೆಂಟ್ ಮೋಟರ್ ಬಂದು ಎಷ್ಟೋ ಕಾಲವಾಗಿತ್ತು, ಮಂಡಿನೋವಿನಿಂದ ಅಪ್ಪ ತೋಟಕ್ಕೆ ಹೋಗುವುದೂ ಕಡಿಮೆಯಾಗಿತ್ತು. ಆದರೂ ಆಯುಧಪೂಜೆಯ ದಿನ ಕುಂಕುಮವಿಟ್ಟು ಅದನ್ನು ಒಮ್ಮೆ ಓಡಿಸದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ. ಕೇಳಿದ್ದಕ್ಕೆ ಇಲ್ಲವೆನ್ನದೆ ಕೊಟ್ಟ. ಲಾರಿಗೆ ಹತ್ತಿಸುವಾಗ ಮಾತ್ರ, "ಪೂಜೆ ದಿನ ಫೋನಲ್ಲಾದ್ರೂ ಸವುಂಡು ಕೇಳಿಸ್ಬೇಕು" ಎಂದ.

ಮಾತು ಕೊಟ್ಟೆ. ಆಮೇಲೆ ಮಾಡಿದ್ದೇನು? ಪಿಸ್ಟನ್ನಿನ ತಲೆಯ ಮೇಲೆ ಇಂಧನ ಉರಿಯುವ ಕುಳಿಯನ್ನು ಲೇತಿನಲ್ಲಿ ಅಗಲ ಮಾಡಿಸಿದೆ. ಡೀಸೆಲ್ ಚಿಮ್ಮುವ ಹೊತ್ತನ್ನು ಬದಲಿಸಿದೆ, ಹೊಂಗೆ ಎಣ್ಣೆಯಿಂದ ಮಾಡಿದ ಇಂಧನ ಬೆರೆಸಿದೆ. ಹೊಗೆ ಇಳಿದರೆ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಏರುತ್ತಿತ್ತು, ಅದನ್ನು ಇಳಿಸಿದರೆ ಮತ್ತೆ ಹೊಗೆ. ಅಯ್ಯೋ, ತಿಂಗಳುಗಟ್ಟಲೆ ಅದರೊಂದಿಗೆ ಜಗಳವಾಡಿದ್ದೇನೆ. ಕೊನೆಗೊಂದು ಬೆಳಿಗ್ಗೆ ಎರಡೂ ಹದಕ್ಕೆ ಬಂದವು. ಹೊಗೆ ಅಳೆಯುವ ಬಿಳಿ ಕಾಗದದ ಮೇಲೆ ಕಪ್ಪು ಮಚ್ಚೆಯ ಬದಲು ತೆಳುವಾದ ಬೂದುಬಣ್ಣವಿತ್ತು. ಗೈಡ್ ಬೆನ್ನು ತಟ್ಟಿದರು. ನಾನು ಮಾತ್ರ ಕಿವಿಗೊಟ್ಟು ನಿಂತೆ. ಎಂಜಿನ್ನಿನ ದನಿಯೇ ಬೇರೆಯಾಗಿತ್ತು, ಹೊಗೆಯಲ್ಲಿ ಬಜ್ಜಿ ಕರಿದ ಎಣ್ಣೆಯ ವಾಸನೆ. ಅಪ್ಪನದೆಂಬುದು ಅದರಲ್ಲಿ ಏನೂ ಉಳಿದಿಲ್ಲವಲ್ಲ ಎನಿಸಿ ಅಳು ಬಂತು.

ಆಯುಧಪೂಜೆಯ ಮಧ್ಯಾಹ್ನ ಎಂಜಿನ್ನಿಗೆ ಕುಂಕುಮವಿಟ್ಟು, ಓಡಿಸಿ, ಫೋನನ್ನು ಹತ್ತಿರ ಹಿಡಿದೆ.

"ಇದ್ಯಾರ್ದು?" ಎಂದ ಅಪ್ಪ.

"ನಮ್ದೇ ಅಪ್ಪಾ."

"ಅಲ್ಲ ಕಣ್ಣು. ನಮ್ದು ಹಿಂಗ್ ಕೂಗಲ್ಲ. ನಂಗ್ ತಿಳ್ಯಲ್ವಾ?"

ಸಿಟ್ಟು ಬಂತು, ಅವನ ಮೇಲಲ್ಲ. ಪಿಸ್ಟನ್ ಕೊರೆದದ್ದನ್ನು ಯಾವ ಬಾಯಲ್ಲಿ ಹೇಳಲಿ? ಆ ಬಾವಿಕಟ್ಟೆಯಲ್ಲಿ ಅವನ ಪಕ್ಕ ಇನ್ನೊಂದು ಸಲ ಕೂತು ಉಣ್ಣಬೇಕೆಂದು ಜೀವ ಹಂಬಲಿಸಿತು. ಫೋನ್ ಹಿಡಿದಂತೆಯೇ ಸ್ಟಾಪ್ ಲಿವರ್ ಎಳೆದೆ.

ಇಂಧನ ನಿಂತ ಮೇಲೆ ನನ್ನ ಸಂಶೋಧನೆಗೆ ಅಲ್ಲಿ ಕೆಲಸವಿಲ್ಲ. ಭಾರದ ಚಕ್ರ ತನ್ನ ಪಾಡಿಗೆ ತಿರುಗಿ, ನಿಧಾನವಾಗಿ, ಎರಡು ಸಲ ಏದುಸಿರು ಬಿಟ್ಟು ನಿಂತಿತು. ಹಿಂದೆ ಬಾವಿಯ ಪಕ್ಕ ಅದು ನಿಲ್ಲುತ್ತಿದ್ದ ಹಾಗೆಯೇ.

"ಕೈ ತೊಳ್ಕೊಂಡ್ ಬತ್ತೀನಿ," ಎಂದ ಅಪ್ಪ ಫೋನಿನಲ್ಲಿ, "ನೀನೂ ಕೂತ್ಕೊ ಕಣ್ಣು."

ಗ್ರೀಸ್ ಮೆತ್ತಿದ ಕೈಯಲ್ಲೇ ಪ್ರಯೋಗಾಲಯದ ನೆಲದ ಮೇಲೆ ಕೂತೆ.